ಅರ್ಧ ಇಂಚಿನ ಗಾಯ, ಕೂಲಿಯ ಲೆಕ್ಕ



ವೈದ್ಯಕೀಯ ವಿಷಯವೊಂದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಷರತ್ತು. ಸಣ್ಣ ತೂತುಗಳ ಮೂಲಕ ಮಾಡುವ ಹೊಟ್ಟೆಯ ಲ್ಯಾಪ್ರೋಸ್ಕೋಪಿ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡಿದ್ದೇನೆ. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶ, ಇವುಗಳಲ್ಲಿ ಒಂದಲ್ಲ ಒಂದಕ್ಕೆ ನಿಮ್ಮ ಮನೆಯವರೋ ನೆಂಟರೋ ಈ ಆಪರೇಷನ್ ಮಾಡಿಸಿಕೊಂಡಿರುತ್ತಾರೆ. ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಗಾಯದ ಲಾಭ ಯಾರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವರಿಗೆ ಅದು ಎಲ್ಲರಿಗಿಂತ ತಡವಾಗಿ ಮುಟ್ಟುತ್ತಿದೆ. ದುಬಾರಿ ಯಂತ್ರ ತಂದಿಟ್ಟ ಮಾತ್ರಕ್ಕೆ ಅದು ಮುಟ್ಟುವುದಿಲ್ಲ. ಪಳಗಿದ ಕೈ, ಅರಿವಳಿಕೆ ತಜ್ಞರು, ಉಪಕರಣ ತೊಳೆಯುವ ಶಿಸ್ತು, ಇವು ಮೂರೂ ಒಂದೇ ಸೂರಿನಡಿ ಇದ್ದರೆ ಮುಟ್ಟುತ್ತದೆ.

ಪಿತ್ತಕೋಶದ ಆಪರೇಷನ್ನನ್ನೇ ತೆಗೆದುಕೊಳ್ಳೋಣ. ಹಲವರು ಇದನ್ನು ಲೇಸರ್ ಎಂದು ತಿಳಿದಿದ್ದಾರೆ, ಆದರೆ ಇದರಲ್ಲಿ ಲೇಸರ್ ಇಲ್ಲ. ಹೊಕ್ಕುಳ ಬಳಿ ಸಣ್ಣದಾಗಿ ಕೊಯ್ದು ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತೇವೆ. ಒತ್ತಡ 12ರಿಂದ 15 ಮಿಲಿಮೀಟರ್ ಪಾದರಸದಷ್ಟು, ಅದಕ್ಕಿಂತ ಕಡಿಮೆ ಸಾಕಾದರೆ ಇನ್ನೂ ಒಳ್ಳೆಯದು. ಹೊಟ್ಟೆಯ ಗೋಡೆ ಮೇಲೆದ್ದು ಕರುಳಿಗೂ ಗೋಡೆಗೂ ನಡುವೆ ಜಾಗವಾಗುತ್ತದೆ. ಈ ಅನಿಲವೇ ಏಕೆಂದರೆ, ಇದು ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನೊಂದಿಗೆ ಹೊರಗೆ ಹೋಗುತ್ತದೆ. ಹಾಗಾಗಿ ವಿದ್ಯುತ್ ಕಾವಿನಿಂದ ಒಳಗೆ ರಕ್ತ ನಿಲ್ಲಿಸಲು ಅಂಜಬೇಕಿಲ್ಲ. ಆಪರೇಷನ್ ಆದ ಮರುದಿನ ಕೆಲವರು ಭುಜ ನೋಯುತ್ತದೆ ಎನ್ನುತ್ತಾರೆ. ಅನಿಲದಿಂದ ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆರಳಿದಾಗ ಆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಹೊಕ್ಕುಳಿನ 10 ಮಿಲಿಮೀಟರ್ ಕೊಳವೆಯಿಂದ ಕ್ಯಾಮೆರಾ ಜೋಡಿಸಿದ ದೂರದರ್ಶಕ, ಎದೆಗೂಡಿನ ಕೆಳಗಿನ ಇನ್ನೊಂದರಿಂದ ಮುಖ್ಯ ಉಪಕರಣ, ಬಲಗಡೆಯ 5 ಮಿಲಿಮೀಟರಿನ ಎರಡು ತೂತುಗಳಿಂದ ಹಿಡಿಕೆಗಳು ಒಳಗೆ ಹೋಗುತ್ತವೆ. ಆಮೇಲೆ ಎಲ್ಲರ ಕಣ್ಣೂ ಟಿ.ವಿ. ಪರದೆಯ ಮೇಲೆ.

ಹೊಸದಾಗಿ ಕಲಿಯುವವರಿಗೆ ಇದು ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಇಳಿಬಿಟ್ಟು ಎತ್ತುವ ಕೆಲಸದ ಹಾಗೆ. ಬೆರಳಿಗೆ ಸಿಗಬೇಕಾದ ಸ್ಪರ್ಶ ಉದ್ದನೆಯ ಕಬ್ಬಿಣದ ತುದಿಯಿಂದ ಅಷ್ಟಿಷ್ಟು ಬರುತ್ತದೆ. ಕೈ ಎಡಕ್ಕೆ ಹೋದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ, ಪರದೆಯಲ್ಲಿ ಆಳ ತಿಳಿಯುವುದಿಲ್ಲ. ಇದನ್ನು ಪುಸ್ತಕದಿಂದ ಕಲಿಯಲಾಗದು. ರಟ್ಟಿನ ಡಬ್ಬಕ್ಕೆ ತೂತು ಕೊರೆದು, ಮೊಬೈಲ್ ಫೋನನ್ನೇ ಕ್ಯಾಮೆರಾ ಮಾಡಿಕೊಂಡು, ಒಳಗೆ ಕಾಳು ಎತ್ತಿಡುವ, ಗಂಟು ಹಾಕುವ ಅಭ್ಯಾಸವನ್ನು ವಾರಗಟ್ಟಲೆ ಮಾಡಿದ ಕಿರಿಯ ವೈದ್ಯರು ರೋಗಿಯ ಮುಂದೆ ನಿಂತಾಗ ಎದ್ದು ಕಾಣುತ್ತಾರೆ. ಅದಕ್ಕೆ ಸರ್ಕಾರದ ಮಂಜೂರಾತಿಯೂ ಬೇಕಿಲ್ಲ.

ಈ ವಿದ್ಯೆ ಇಲ್ಲಿಯವರೆಗೆ ಬಂದ ದಾರಿ ಸುಲಭದ್ದಲ್ಲ. 1901ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಗೇಯಾರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಗೆ ಗಾಳಿ ತುಂಬಿ, ಮೂತ್ರಕೋಶ ನೋಡುವ ದರ್ಶಕವನ್ನು ಒಳಗಿಳಿಸಿದರು. 1910ರ ಹೊತ್ತಿಗೆ ಸ್ವೀಡನ್ನಿನ ಯಾಕೋಬೇಯಸ್ ಅದನ್ನೇ ಮನುಷ್ಯರಲ್ಲಿ ಮಾಡಿದರು. ಆಮೇಲೆ ದಶಕಗಳ ಕಾಲ ಇದು ನೋಡುವ ವಿದ್ಯೆಯಾಗಿಯೇ ಉಳಿಯಿತು, ಹೆಚ್ಚಾಗಿ ಸ್ತ್ರೀರೋಗ ತಜ್ಞರ ಕೈಯಲ್ಲಿ. ಹೆರಾಲ್ಡ್ ಹಾಪ್ಕಿನ್ಸ್ ರೂಪಿಸಿದ ಗಾಜಿನ ಸರಳುಗಳ ಮಸೂರ ಬಂದ ಮೇಲೆ ಚಿತ್ರ ನಿಚ್ಚಳವಾಯಿತು. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ 1980ರಲ್ಲಿ ಲ್ಯಾಪ್ರೋಸ್ಕೋಪಿಯಿಂದ ಅಪೆಂಡಿಕ್ಸ್ ತೆಗೆದಾಗ, ಸ್ತ್ರೀರೋಗ ತಜ್ಞರೊಬ್ಬರು ಶಸ್ತ್ರವೈದ್ಯರ ಹೊಲಕ್ಕೆ ಕಾಲಿಟ್ಟರೆಂದು ಸಹೋದ್ಯೋಗಿಗಳೇ ತಿರುಗಿ ಬಿದ್ದರು.

1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೋಬ್ಲಿಂಗನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಎರಿಕ್ ಮ್ಯೂಹೆ ಪಿತ್ತಕೋಶವನ್ನು ಈ ವಿಧಾನದಿಂದ ಮೊದಲ ಬಾರಿಗೆ ಹೊರತೆಗೆದರು. ಮರುವರ್ಷ ಜರ್ಮನ್ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಹೇಳಿಕೊಂಡಾಗ ಅವರಿಗೆ ಸಿಕ್ಕಿದ್ದು ತಾತ್ಸಾರ. 1987ರಲ್ಲಿ ಲಿಯೋನ್‌ನ ಫಿಲಿಪ್ ಮೂರೆ ಮಾಡಿದ ಮೇಲೆ ಫ್ರಾನ್ಸಿನಿಂದ ಈ ವಿಧಾನ ಜಗತ್ತಿಗೆಲ್ಲ ಹಬ್ಬಿತು. ಮ್ಯೂಹೆ ಅವರನ್ನು ತಾತ್ಸಾರ ಮಾಡಿದ್ದ ಸಂಘವೇ 1992ರಲ್ಲಿ ಅವರನ್ನು ಗೌರವಿಸಿತು. ದೊಡ್ಡ ವಿಶ್ವವಿದ್ಯಾಲಯಗಳ ಹೊರಗೆ, ಸಣ್ಣ ಊರಿನಲ್ಲಿ ಇದು ಶುರುವಾಯಿತು ಎಂಬುದನ್ನು ತಾಲ್ಲೂಕು ಆಸ್ಪತ್ರೆಯ ಕಿರಿಯ ಮಿತ್ರರು ಗಮನಿಸಬೇಕು.

ನಮ್ಮ ದೇಶದ ಕಥೆ ಇನ್ನೂ ಮುಖ್ಯವಾದದ್ದು. ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ 1972ರಿಂದಲೇ ರೋಗ ಪತ್ತೆಗಾಗಿ ಲ್ಯಾಪ್ರೋಸ್ಕೋಪಿ ಮಾಡುತ್ತಿದ್ದರು. ಆಗ ಸ್ಕ್ಯಾನಿಂಗ್ ಇರಲಿಲ್ಲ. ಹೊಟ್ಟೆಯ ಕ್ಷಯವೋ ಕ್ಯಾನ್ಸರೋ ಎಂದು ತಿಳಿಯಲು ಹೊಟ್ಟೆ ಸೀಳಿಯೇ ನೋಡಬೇಕಿತ್ತು. ಅದರ ಬದಲು ಸಣ್ಣ ತೂತಿನಿಂದ ಇಣುಕಿ ನೋಡಬಹುದಾದರೆ ಬಡ ರೋಗಿಗಳಿಗೆ ಎಷ್ಟು ಉಪಕಾರ! 1990ರ ಮೇ 31ರಂದು ಭಾರತದ ಮೊದಲ ಲ್ಯಾಪ್ರೋಸ್ಕೋಪಿ ಪಿತ್ತಕೋಶದ ಆಪರೇಷನ್ ಮಾಡಿದವರೂ ಅವರೇ, ಅದೂ ಆ ಸರ್ಕಾರಿ ಆಸ್ಪತ್ರೆಯಲ್ಲೇ. ಈ ವಿದ್ಯೆ ಬಡ ದೇಶಕ್ಕೆ ಸಲ್ಲದ ಐಷಾರಾಮ ಎನ್ನುವವರಿಗೆ ಜೆ.ಜೆ.ಯ ಆ ವಾರ್ಡೇ ಉತ್ತರ.

ನನ್ನ ಹೊರರೋಗಿ ಕೋಣೆಗೆ ಒಬ್ಬ ತಾಯಿ ಬಂದಿದ್ದರು. ಮಲೆನಾಡಿನ ಕಡೆಯವರು. ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆ ಮನೆಗೆ ಹೋಗಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರು. ಸುಲಿದಷ್ಟಕ್ಕೆ ಕೂಲಿ. ಊಟವಾದ ಮೇಲೆ ಬಲಪಕ್ಕೆಯಲ್ಲಿ ಎದ್ದು ಬೆನ್ನಿಗೆ ಹೋಗುವ ನೋವು, ಸ್ಕ್ಯಾನಿಂಗ್‌ನಲ್ಲಿ ಕಲ್ಲು. ಗಾಯ ಎಷ್ಟುದ್ದ, ಕಲೆ ಉಳಿಯುತ್ತದೆಯೇ ಎಂದು ಕೇಳಲಿಲ್ಲ. "ಸಾರ್, ಎಷ್ಟು ದಿನಕ್ಕೆ ಸುಲಿಯೋಕೆ ಕೂರ್ಬೋದು?" ಎಂದರು. ಜೊತೆಗಿದ್ದ ಮಗ, "ಅವ್ವ, ಜೀವ ಇದ್ರೆ ಅಡಿಕೆ" ಎಂದು ಗದರಿದ. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದು ಸ್ನಾಯು ಕತ್ತರಿಸಿದರೆ ತಿಂಗಳು, ಒಂದೂವರೆ ತಿಂಗಳು ಬಗ್ಗಿ ದುಡಿಯುವಂತಿಲ್ಲ. ಕೊಯ್ಲೇ ಮುಗಿದುಹೋಗುತ್ತದೆ. ಸಣ್ಣ ತೂತುಗಳಾದರೆ ಒಂದೆರಡು ವಾರದಲ್ಲಿ ಹಗುರವಾದ ಕೆಲಸಕ್ಕೆ ಹಿಂತಿರುಗಬಹುದು. ಸಂಬಳದ ರಜೆ ಇರುವವರಿಗೆ ಈ ವ್ಯತ್ಯಾಸ ಅನುಕೂಲದ ಮಾತು. ಆ ತಾಯಿಗೆ ಅದು ವರ್ಷದ ಅಕ್ಕಿಬೇಳೆಯ ಮಾತು. ಆಪರೇಷನ್ನಿನ ಖರ್ಚು ಎನ್ನುವಾಗ ನಾವು ಬಿಲ್ಲನ್ನು ಮಾತ್ರ ನೋಡುತ್ತೇವೆ. ತಪ್ಪಿದ ಕೂಲಿ, ಜೊತೆಗೆ ಬಂದವರ ತಪ್ಪಿದ ಕೂಲಿ, ಬಸ್ ಚಾರ್ಜು, ಊಟ, ಇವನ್ನೆಲ್ಲ ಯಾವ ಬಿಲ್ಲೂ ತೋರಿಸುವುದಿಲ್ಲ.

ಹಾಗೆಂದು ಸಣ್ಣ ಗಾಯವೆಲ್ಲ ಸುರಕ್ಷಿತ ಎಂದು ನಾನು ಹೇಳುವುದಿಲ್ಲ. ಲ್ಯಾಪ್ರೋಸ್ಕೋಪ್ ನಮ್ಮ ಹಳ್ಳಿಗಳಿಗೆ ಮೊದಲು ಬಂದದ್ದು ಕಲ್ಲು ತೆಗೆಯಲು ಅಲ್ಲ, ಸಂತಾನಹರಣ ಶಿಬಿರಗಳಿಗೆ. 2014ರ ನವೆಂಬರ್ 8ರಂದು ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಬ್ಬರೇ ಶಸ್ತ್ರವೈದ್ಯರು ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಅಲ್ಲಿಯೂ, ಅದರ ಬೆನ್ನಿಗೇ ನಡೆದ ಶಿಬಿರಗಳಲ್ಲಿಯೂ ಒಟ್ಟು 13 ಮಂದಿ ಪ್ರಾಣ ಕಳೆದುಕೊಂಡರು. ಸೋಂಕು ಕಾರಣವೇ, ಅವರಿಗೆ ಕೊಟ್ಟ ಮಾತ್ರೆಯಲ್ಲಿದ್ದ ವಿಷ ಕಾರಣವೇ ಎಂದು ಮುಂದೆ ವಾದವಾಯಿತು. ಕಾರಣ ಯಾವುದೇ ಇರಲಿ, ಒಂದು ಉಪಕರಣವನ್ನು ಅಷ್ಟು ಜನರ ನಡುವೆ ಅಷ್ಟು ಹೊತ್ತಿನಲ್ಲಿ ಶುದ್ಧ ಮಾಡಲು ಸಾಧ್ಯವೇ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಇಂಥ ಶಿಬಿರ ಪದ್ಧತಿಯನ್ನೇ ನಿಲ್ಲಿಸುವಂತೆ ಹೇಳಿತು. ಬಡವರ ಬಾಗಿಲಿಗೆ ತಂತ್ರಜ್ಞಾನ ತಲುಪಿತು ಎಂದು ಲೆಕ್ಕ ತೋರಿಸುವಾಗ ಆ 13 ಮನೆಗಳನ್ನು ಮರೆಯಬಾರದು.

ಶುದ್ಧಗೊಳಿಸುವ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಲ್ಯಾಪ್ರೋಸ್ಕೋಪಿಯ ಹಿಡಿಕೆ ಒಂದು ಉದ್ದನೆಯ ಟೊಳ್ಳು ಕೊಳವೆ, ತುದಿಯಲ್ಲಿ ಕೀಲು. ರಕ್ತ, ಕೊಬ್ಬು ಆ ಕೀಲಿನ ಸಂದಿಯಲ್ಲೂ ಕೊಳವೆಯೊಳಗೂ ಸೇರಿಕೊಳ್ಳುತ್ತವೆ. ಬಿಡಿಸಿ, ಬ್ರಷ್ಷಿನಿಂದ ಉಜ್ಜಿ, ತೊಳೆದು, ಒಣಗಿಸಿ, ಆಮೇಲೆ ಶುದ್ಧಗೊಳಿಸಬೇಕು. ಆಟೋಕ್ಲೇವ್‌ನ ಹಬೆ ತಾಳುವಂಥವನ್ನು ಅಲ್ಲೇ ಹಾಕಬೇಕು. ಹಲವು ಕಡೆ ಆಗುವುದೇನು? ಒಂದು ಆಪರೇಷನ್ನಿಗೂ ಇನ್ನೊಂದಕ್ಕೂ ನಡುವೆ 20 ನಿಮಿಷ ಗ್ಲುಟರಾಲ್ಡಿಹೈಡ್‌ನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಅಷ್ಟು ಹೊತ್ತಿಗೆ ಸಾಮಾನ್ಯ ಕ್ರಿಮಿಗಳು ಸಾಯುತ್ತವೆ, ಪೂರ್ತಿ ಕ್ರಿಮಿರಹಿತವಾಗಲು 10 ಗಂಟೆ ಬೇಕು. ಅದರ ಮೇಲೆ ನಲ್ಲಿ ನೀರಿನಲ್ಲಿ ತೊಳೆದರೆ ಮಾಡಿದ್ದೆಲ್ಲ ಹಾಳು. ಆ ನೀರಿನಲ್ಲಿ ಕ್ಷಯದ ಕ್ರಿಮಿಗೆ ಹತ್ತಿರದ ಸಂಬಂಧಿಗಳಿರುತ್ತವೆ. ಗಾಯ ಒಣಗಿ ಖುಷಿಯಿಂದ ಮನೆಗೆ ಹೋದವರ ಹೊಕ್ಕುಳ ಬಳಿ ತಿಂಗಳಾದ ಮೇಲೆ ಸಣ್ಣ ಗಂಟೇಳುತ್ತದೆ, ಒಡೆದು ನೀರಿನಂಥ ಕೀವು ಒಸರುತ್ತದೆ. ಮಾಮೂಲಿ ಮಾತ್ರೆಗೆ ಜಗ್ಗುವುದಿಲ್ಲ. ತಿಂಗಳುಗಟ್ಟಲೆ ಬೇರೆ ಔಷಧಿ, ಕೆಲವೊಮ್ಮೆ ಮತ್ತೆ ಕೊಯ್ತ. ಎರಡು ವಾರದಲ್ಲಿ ಕೆಲಸಕ್ಕೆ ಹೋಗಬೇಕಾದವರು ಆರು ತಿಂಗಳು ಆಸ್ಪತ್ರೆಗೆ ಅಲೆಯುತ್ತಾರೆ. ಥಿಯೇಟರಿನ ಹಿಂದಿನ ಕೋಣೆಯಲ್ಲಿ ಬ್ರಷ್ ಹಿಡಿದು ನಿಂತ ಸಿಸ್ಟರ್ ಕೆಲಸ ನನ್ನ ಕೆಲಸದಷ್ಟೇ ದೊಡ್ಡದು. ಇಲ್ಲಿ ಕೂತಿರುವ ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ನಂಬಬೇಕು.

ಉಪಕರಣ ಶುದ್ಧಗೊಳಿಸುವುದು ಮಿತವ್ಯಯ ಮಾಡಬಾರದ ಜಾಗ. ಮಾಡಬಹುದಾದ ಜಾಗಗಳೂ ಉಂಟು. ಪಿತ್ತಕೋಶದ ನಾಳ ಮುಚ್ಚಲು ಟೈಟಾನಿಯಂ ಕ್ಲಿಪ್ಪಿನ ಬದಲು ದಾರದ ಗಂಟು ಸಾಕು, ಹಾಕಲು ಬರಬೇಕು ಅಷ್ಟೆ. ತೆಗೆದ ಪಿತ್ತಕೋಶವನ್ನು ಹೊರಗೆಳೆಯಲು ಕಂಪನಿಯ ಚೀಲದ ಬದಲು ಶುದ್ಧಗೊಳಿಸಿದ ಕೈಗವಸನ್ನು ಕಟ್ಟಿ ಚೀಲ ಮಾಡಿಕೊಳ್ಳಬಹುದು. ಒಮ್ಮೆ ಬಳಸಿ ಎಸೆಯುವ ಕೊಳವೆಗಳಿಗಿಂತ ಮರುಬಳಕೆಯ ಉಕ್ಕಿನ ಕೊಳವೆಗಳು ಬಹಳ ಕಾಲ ಬರುತ್ತವೆ. ದೂರದರ್ಶಕದ ತುದಿ ಮಂಜು ಕಟ್ಟಿದರೆ ಬಿಸಿ ಸಲೈನ್ ತುಂಬಿದ ಫ್ಲಾಸ್ಕಿನಲ್ಲಿ ಅದ್ದಿ ಒರೆಸಿದರಾಯಿತು. ಬೆಳಕಿನ ಕೇಬಲ್ಲನ್ನು ಬಿಗಿಯಾಗಿ ಮಡಚದೆ ದೊಡ್ಡ ಸುರುಳಿಯಾಗಿ ಸುತ್ತಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಅದರ ಒಂದು ತುದಿಯನ್ನು ದೀಪಕ್ಕೆ ಹಿಡಿದು ಇನ್ನೊಂದು ತುದಿ ನೋಡಿ. ಕಾಣುವ ಒಂದೊಂದು ಕಪ್ಪು ಚುಕ್ಕೆಯೂ ಮುರಿದ ಒಂದೊಂದು ಎಳೆ. ಚುಕ್ಕೆ ಹೆಚ್ಚಾದಂತೆ ಹೊಟ್ಟೆಯೊಳಗೆ ಮಬ್ಬು, ಮಬ್ಬಾದಂತೆ ಅಪಾಯ.

ಆ ಅಪಾಯದ ಹೆಸರು ಪಿತ್ತನಾಳದ ಗಾಯ. 1990ರ ದಶಕದ ಮೊದಲಲ್ಲಿ ಈ ಆಪರೇಷನ್ ಕಾಡ್ಗಿಚ್ಚಿನಂತೆ ಹಬ್ಬಿದಾಗ, ಪಿತ್ತಕೋಶದ ನಾಳವೆಂದುಕೊಂಡು ಲಿವರಿನಿಂದ ಕರುಳಿಗೆ ಹೋಗುವ ಮುಖ್ಯ ನಾಳವನ್ನೇ ಕತ್ತರಿಸಿದ ಪ್ರಕರಣಗಳು ಏರಿದವು. ಹೊಟ್ಟೆ ತೆರೆದು ಮಾಡುವಾಗಿನದಕ್ಕಿಂತ ಇದರ ಪ್ರಮಾಣ ಹೆಚ್ಚು. ಸಾವಿರದಲ್ಲಿ ಬೆರಳೆಣಿಕೆಯಷ್ಟೇ ಆದರೂ ಆದವರ ಬದುಕು ತಲೆಕೆಳಗಾಗುತ್ತದೆ. 1995ರಲ್ಲಿ ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಒಂದು ನಿಯಮ ಕೊಟ್ಟರು. ಪಿತ್ತಕೋಶದ ನಾಳ, ಮುಖ್ಯ ನಾಳ, ಲಿವರ್ ಇವುಗಳ ನಡುವಿನ ಕ್ಯಾಲೋ ತ್ರಿಕೋನದ ಕೊಬ್ಬನ್ನೆಲ್ಲ ಬಿಡಿಸಬೇಕು, ಪಿತ್ತಕೋಶದ ಕೆಳಭಾಗವನ್ನು ಲಿವರಿನಿಂದ ಬೇರ್ಪಡಿಸಬೇಕು, ಪಿತ್ತಕೋಶಕ್ಕೆ ಹೋಗುವ ಎರಡೇ ಎರಡು ರಚನೆಗಳು ಕಾಣಬೇಕು. ಕಾಣುವವರೆಗೆ ಕತ್ತರಿ ಮುಟ್ಟಬಾರದು. ಊತ, ಅಂಟು ಹೆಚ್ಚಾಗಿ ಕಾಣದೇ ಹೋದರೆ? ಪಿತ್ತಕೋಶದ ಒಂದು ಭಾಗವನ್ನಷ್ಟೇ ತೆಗೆಯಬಹುದು, ಇಲ್ಲವೇ ಹೊಟ್ಟೆ ತೆರೆಯಬಹುದು. ಹಾಗೆ ತೆರೆದರೆ ಅದು ವೈದ್ಯರ ಸೋಲು ಎಂದು ರೋಗಿಯ ಕಡೆಯವರು ತಿಳಿಯಬಾರದು. ತೆರೆಯುವ ನಿರ್ಧಾರ ಮಾಡಿದ ವೈದ್ಯರು ನಿಮ್ಮ ಮನೆಯವರ ಪಿತ್ತನಾಳ ಉಳಿಸಿದ್ದಾರೆ.

ಲ್ಯಾಪ್ರೋಸ್ಕೋಪಿ ಸೌಕರ್ಯ ಇಲ್ಲದ ಊರಿನ ಶಸ್ತ್ರವೈದ್ಯರು ಕೀಳರಿಮೆ ಪಡಬೇಕಿಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 200 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅರ್ಧ ಜನರಿಗೆ ಲ್ಯಾಪ್ರೋಸ್ಕೋಪಿ, ಇನ್ನರ್ಧಕ್ಕೆ ಸಣ್ಣ ಕೊಯ್ತದ ತೆರೆದ ಆಪರೇಷನ್. ಯಾರಿಗೆ ಯಾವುದಾಯಿತೆಂದು ರೋಗಿಗೂ ವಾರ್ಡಿನ ನರ್ಸಿಗೂ ಗೊತ್ತಾಗದಂತೆ ಎಲ್ಲರ ಹೊಟ್ಟೆಗೂ ಒಂದೇ ತರಹದ ಪಟ್ಟಿ ಅಂಟಿಸಿದರು. ಕೊನೆಗೆ ಆಸ್ಪತ್ರೆಯಲ್ಲಿ ಇದ್ದ ದಿನಗಳಲ್ಲಿ, ಚೇತರಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಲ್ಯಾಪ್ರೋಸ್ಕೋಪಿಗೆ ಹಿಡಿದ ಸಮಯವೇ ಹೆಚ್ಚು. ಅಂದರೆ ಬೇಗ ಎದ್ದು ಓಡಾಡುವುದಕ್ಕೆ ಯಂತ್ರ ಎಷ್ಟು ಕಾರಣವೋ ಕೊಯ್ತ ಸಣ್ಣದಾಗಿರುವುದು, ರೋಗಿಯನ್ನು ಬೇಗ ಎಬ್ಬಿಸಿ ಊಟ ಕೊಡುವುದು ಅಷ್ಟೇ ಕಾರಣ. ಉಪಕರಣ ಬರುವವರೆಗೆ ಹಳೆಯ ಗೇಣುದ್ದದ ಕೊಯ್ತವೇ ಗತಿ ಎಂದೇನಿಲ್ಲ. ಒಂದೇ ಬದಿಯ ಹರ್ನಿಯಾಕ್ಕೂ ಇದೇ ಮಾತು. ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಜಾಲರಿ ಹೊಲಿದರೆ ಅಂದೇ ಮನೆಗೆ ಹೋಗಬಹುದು. ಆ ಜಾಲರಿಯೂ ದುಬಾರಿಯಾಗಬೇಕಿಲ್ಲ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಡಾ. ರವೀಂದ್ರನಾಥ ಟೋಂಗಾಂವ್‌ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಶುದ್ಧಗೊಳಿಸಿ ಬಳಸಿದರು. ಉಗಾಂಡಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅಂಥ ಜಾಲರಿ ಕಂಪನಿಯ ಜಾಲರಿಗೆ ಸಮನಾಗಿ ನಿಂತಿತು.

ಗರ್ಭಕೊರಳಿನ ಕ್ಯಾನ್ಸರಿನ ವಿಷಯದಲ್ಲಂತೂ ಸಣ್ಣ ಗಾಯವೇ ಹಿಂದೆ ಬಿತ್ತು. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ನಾಲ್ಕೂವರೆ ವರ್ಷದ ನಂತರ ರೋಗ ಮರುಕಳಿಸದೆ ಉಳಿದವರು ತೆರೆದ ಆಪರೇಷನ್ನಿನಲ್ಲಿ ಶೇ. 96.5, ಲ್ಯಾಪ್ರೋಸ್ಕೋಪಿ ಮತ್ತು ರೋಬೋಟ್ ವಿಧಾನದಲ್ಲಿ ಶೇ. 86. ಅಂಥ ರೋಗಿಗೆ ಕಲೆ ಸಣ್ಣದಿರುತ್ತದೆ ಎಂದು ಆಸೆ ಹುಟ್ಟಿಸುವುದು ಅನ್ಯಾಯ.

ಈಗ ನಮ್ಮ ರಾಜ್ಯಕ್ಕೆ ಬರೋಣ. 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯರು ಮೊದಲಿಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಆಪರೇಷನ್ ಮಾಡಿಸಿಕೊಳ್ಳಬಹುದಿತ್ತು. ರೈತ ಕುಟುಂಬಗಳಿಗೆ ಅದು ಕೊಟ್ಟ ಧೈರ್ಯ ದೊಡ್ಡದು. ಇಂದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಎಪಿಎಲ್‌ನವರಿಗೆ ನಿಗದಿತ ದರದ ಶೇ. 30 ಸಿಗುತ್ತದೆ. ತುರ್ತು ಅಲ್ಲದ ಆಪರೇಷನ್ನಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು ಬೇರೆಡೆಗೆ ಹೋಗಬೇಕು. ಈ ಕ್ರಮ ನನಗೆ ಒಪ್ಪಿಗೆ, ಸರ್ಕಾರಿ ಆಸ್ಪತ್ರೆ ಬಲವಾಗಬೇಕಾದರೆ ಹೀಗೇ ಆಗಬೇಕು. ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಲ್ಯಾಪ್ರೋಸ್ಕೋಪಿ ಪೆಟ್ಟಿಗೆ ಇದ್ದು ಅರಿವಳಿಕೆ ತಜ್ಞರು ಒಬ್ಬರೇ ಆದರೆ, ಅವರಿಗೆ ಸಿಸೇರಿಯನ್‌ಗಳ ನಡುವೆ ಬಿಡುವಾಗುವುದೇ ಇಲ್ಲ. ಹೊಟ್ಟೆಗೆ ಅನಿಲ ತುಂಬಿದ ಆಪರೇಷನ್ನಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಉಸಿರಾಟ ನಡೆಸುವವರು ತಲೆಯ ಬಳಿ ಇರಲೇಬೇಕು. ಸಿಲಿಂಡರ್ ಖಾಲಿಯಾದರೆ ತುಂಬಿಸಲು ಪಕ್ಕದ ಜಿಲ್ಲೆಗೆ ಕಳಿಸಬೇಕು. ಕ್ಯಾಮೆರಾ ಕೆಟ್ಟರೆ ರಿಪೇರಿಯವರು ಬೆಂಗಳೂರಿನಿಂದ ಬರಬೇಕು. ಕಲಿತ ಶಸ್ತ್ರವೈದ್ಯರಿಗೆ ವರ್ಗವಾದರೆ ಪೆಟ್ಟಿಗೆಗೆ ಬಟ್ಟೆ ಹೊದಿಸಿಡುತ್ತಾರೆ. ಖರೀದಿಯ ಟೆಂಡರಿನಲ್ಲೇ ಐದು ವರ್ಷದ ದುರಸ್ತಿ, ಇಬ್ಬರು ನರ್ಸ್‌ಗಳ ತರಬೇತಿ, ಎರಡನೇ ಅರಿವಳಿಕೆ ತಜ್ಞರ ಹುದ್ದೆ ಸೇರಿಸದೆ ಯಂತ್ರ ಮಾತ್ರ ಕೊಳ್ಳುವುದು ಸಾರ್ವಜನಿಕರ ಹಣಕ್ಕೆ ಮಾಡುವ ದ್ರೋಹ ಎಂದು ಜವಾಬ್ದಾರಿಯಿಂದ ಹೇಳುತ್ತೇನೆ.

ಅರಿವಳಿಕೆ ಮತ್ತು ಅನಿಲದ ಈ ತೊಡಕಿಗೆ ಈಶಾನ್ಯ ರಾಜ್ಯಗಳ ಗುಡ್ಡಗಾಡಿನಲ್ಲಿ ಒಂದು ದಾರಿ ಹುಡುಕಿದ್ದಾರೆ. ಡಾ. ಜೆ. ಜ್ಞಾನರಾಜ್ ಅವರಂಥ ಗ್ರಾಮೀಣ ಶಸ್ತ್ರವೈದ್ಯರು ಹೊಟ್ಟೆಗೆ ಅನಿಲ ತುಂಬದೆ, ಹೊಟ್ಟೆಯ ಗೋಡೆಯನ್ನು ಉಂಗುರದಂಥ ಲೋಹದ ಸಾಧನದಿಂದ ಮೇಲೆತ್ತಿ ಹಿಡಿದು ಆಪರೇಷನ್ ಮಾಡುತ್ತಾರೆ. ಬೆನ್ನಿಗೆ ಕೊಡುವ ಅರಿವಳಿಕೆ ಸಾಕಾಗುತ್ತದೆ. ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜು ಮತ್ತು ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯ ಕೈಜೋಡಿಸಿ ಇದಕ್ಕೊಂದು ಸುಧಾರಿತ ಸಾಧನ ರೂಪಿಸಿವೆ. ಅನಿಲ ಕೊಡುವಷ್ಟು ವಿಶಾಲ ನೋಟ ಇದರಲ್ಲಿ ಸಿಗುವುದಿಲ್ಲ, ಸ್ಥೂಲಕಾಯದವರಲ್ಲಿ ಕಷ್ಟ. ಆದರೂ ನಮ್ಮ ತಾಲ್ಲೂಕುಗಳ ಶಸ್ತ್ರವೈದ್ಯರು ಅಲ್ಲಿಗೆ ಹೋಗಿ ನೋಡಿ ಕಲಿತು ಬರಲು ಇಲಾಖೆ ರಜೆ, ಖರ್ಚು ಎರಡನ್ನೂ ಕೊಡಬೇಕು.

ರೋಬೋಟ್ ಬಗ್ಗೆ ಕೇಳುವವರಿದ್ದಾರೆ. ಯಂತ್ರಕ್ಕೆ ಕೋಟಿಗಟ್ಟಲೆ ಬೆಲೆ, ಮೇಲೆ ಅದರ ಕೈಗಳನ್ನು ನಿಗದಿತ ಸಂಖ್ಯೆಯ ಬಳಕೆಯ ನಂತರ ಬದಲಿಸಲೇಬೇಕು. ನಮ್ಮ ದೇಶದಲ್ಲೇ ತಯಾರಾದ ಯಂತ್ರವೂ ಈಗ ಬಂದಿದೆ, ಬೆಲೆ ಇಳಿದೀತು. ಸೊಂಟದೊಳಗಿನ ಇಕ್ಕಟ್ಟಾದ ಜಾಗದ ಆಪರೇಷನ್‌ಗಳಿಗೆ ಅದು ಒಳ್ಳೆಯ ಸಾಧನ. ಮಾಮೂಲಿ ಪಿತ್ತಕೋಶಕ್ಕೆ ಅದಕ್ಕಾಗಿ ಸಾಲ ಮಾಡಬೇಡಿ.

ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡ ಮಾತ್ರಕ್ಕೆ ಆಪರೇಷನ್ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡ, ನೋವೇ ಇಲ್ಲದ ಹೆಚ್ಚಿನವರಿಗೆ ಅದು ಜೀವಮಾನವಿಡೀ ತೊಂದರೆ ಕೊಡುವುದಿಲ್ಲ. ನೋವು, ಜ್ವರ, ಕಾಮಾಲೆ ಬಂದವರು ಮಾತ್ರ ತಡ ಮಾಡಬಾರದು. ಆಪರೇಷನ್ ನಿಶ್ಚಯವಾದರೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಅರಿವಳಿಕೆ ಕೊಡುವವರು ಯಾರು, ಹೊಟ್ಟೆ ತೆರೆಯಬೇಕಾದರೆ ಇಲ್ಲೇ ಆಗುತ್ತದೆಯೇ, ಎಲ್ಲ ಸೇರಿ ಖರ್ಚೆಷ್ಟು. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ತೆಗೆದ ಪಿತ್ತಕೋಶವನ್ನು ಬಯಾಪ್ಸಿ ಪರೀಕ್ಷೆಗೆ ಕಳಿಸಿದ್ದಾರೆಯೇ ಎಂದು ಕೇಳಿ. ಬರೀ ಕಲ್ಲೆಂದು ತೆಗೆದ ಪಿತ್ತಕೋಶದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಸಿಗುವುದುಂಟು. ಆರಂಭದ ಹಂತದಲ್ಲಿ ಸಿಕ್ಕರೆ ಗುಣಪಡಿಸಬಹುದು. ಆ ವರದಿ ಬರಲು ವಾರ ಹತ್ತು ದಿನವಾಗುತ್ತದೆ. ಹೊಲಿಗೆ ಬಿಚ್ಚಿಸಲು ಬಂದ ದಿನ ಅದನ್ನು ಕೇಳಿ ಪಡೆದು, ವೈದ್ಯರಿಂದ ಓದಿಸಿ, ಸ್ಕ್ಯಾನಿಂಗ್ ಚೀಟಿಯ ಜೊತೆಗೇ ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.